ಅಡುಗೆಮನೆಗೂ ನೆಟ್ ಬಂತು!

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನೀವು ತಿಂಗಳು ತಿಂಗಳು ದುಡ್ಡು ಕಟ್ಟಿ ಮನೆಗೆ ತರಿಸಿಕೊಳ್ಳುವ ವೈಫೈನಲ್ಲಿ ಹೆಚ್ಚುಕಡಿಮೆ ಅರ್ಧ ಬೀದಿಪಾಲಾಗುತ್ತಿದೆ! ಕಂಬದಿಂದ ಎಳೆದ ಕಪ್ಪು ವೈರು ತಲೆಬಾಗಿಲ ಪಕ್ಕದ ಕಿಟಕಿಯಲ್ಲಿ ಒಳನುಗ್ಗುತ್ತದೆ. ಅಲ್ಲೇ ಒಂದು ಮೊಳೆ, ಮೊಳೆಗೊಂದು ಡಬ್ಬ. ಕೇಬಲ್ ಹುಡುಗನಿಗೆ ಮುಂದಿನ ಮನೆಗೆ ಹೋಗುವ ಅವಸರ. ಡಬ್ಬದಿಂದ ಹೊರಡುವ ಅಲೆಗೆ ಇದು ಮನೆಯೊಳಗು, ಅದು ಬೀದಿ ಎಂಬ ಭೇದವಿಲ್ಲ. ನಾಲ್ಕೂ ದಿಕ್ಕಿಗೆ ಚೆಲ್ಲುತ್ತದೆ. ಹಾಗಾಗಿ ಜಗಲಿಯಲ್ಲಿ ಮಲಗಿದ ಬೀದಿನಾಯಿಗೆ ಫುಲ್ ಸಿಗ್ನಲ್ಲು, ಅಡುಗೆಮನೆಯಲ್ಲಿ ಮಗಳ ವಿಡಿಯೊ ಕಾಲ್‌ಗಾಗಿ ಫೋನನ್ನು ಸಾಂಬಾರ ಡಬ್ಬಿಗೆ ಒರಗಿಸಿ ಕಾಯುವ ತಾಯಿಗೆ ಸುತ್ತುತ್ತಲೇ ಇರುವ ಒಂದು ಚಕ್ರ.

ನಂಜನಗೂಡಿನ ಕಡೆಯ ಹಳ್ಳಿಯೊಂದರಲ್ಲಿ ನಮ್ಮ ದೊಡ್ಡವ್ವನ ತೊಟ್ಟಿಮನೆಯಿದೆ. ಮಣ್ಣಿನ ಗೋಡೆ, ಮೇಲೆ ಹೆಂಚು, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಆ ಮನೆಯಲ್ಲಿ ಒಂದು ಬೆಳಗ್ಗೆ ನನಗೆ ಸಿಕ್ಕ ಬೆರಗು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ಸಿಗ್ನಲ್ ಅಳೆಯುವ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ಒಂದನ್ನು ಫೋನಿಗೆ ಇಳಿಸಿಕೊಂಡು ಡಬ್ಬದ ಪಕ್ಕ ನಿಂತೆ. ತೆರೆಯ ಮೇಲೆ ಮೈನಸ್ 38 ಎಂದು ಬಂತು. ಈ ಲೆಕ್ಕ ಡಿಬಿಎಂ ಎಂಬ ಮಾನದಲ್ಲಿದೆ. ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. ಪಡಸಾಲೆ ದಾಟಿದೆ, ಮೈನಸ್ 55. ನಡುಮನೆಯ ಗೋಡೆಯಾಚೆಗೆ ಕಾಲಿಟ್ಟೆ, ದಡಕ್ಕನೆ ಮೈನಸ್ 71! ಅಡುಗೆಮನೆಯ ಒಲೆಯ ಮುಂದೆ ಮೈನಸ್ 84.

“ಏನ್ಲಾ ಕೂಸೇ, ಗೋಡೆಗೆಲ್ಲಾ ಫೋನು ತೋರಿಸ್ಕಂಡು ಸುತ್ತುತಾ ಇದ್ದೀಯ? ದೃಷ್ಟಿ ತೆಗೀತಿದ್ದೀಯಾ?” ದೊಡ್ಡವ್ವ ಒಲೆಯ ಮುಂದಿಂದಲೇ ಕೇಳಿದಳು.

“ನೆಟ್ಟು ಎಲ್ಲಿ ಸಾಯ್ತದೆ ಅಂತ ನೋಡ್ತಾ ಇದೀನಿ ದೊಡ್ಡವ್ವ.”

“ಅದಕ್ಕೆ ಮಿಷಿನ್ನು ಬೇಕಾ? ನನ್ ಕೇಳಿದ್ರೆ ಹೇಳ್ತಿರ್ನಿಲ್ವಾ. ಆ ಹೊಸ್ಲು ದಾಟ್ತಿದ್ದಂಗೆ ಸಾಯ್ತದೆ ಕನ.”

ಹೊಸಿಲು ಸರಿಯಾಗಿಯೇ ಹೇಳಿದ್ದಳು. ಆದರೆ ಆ ಅಂಕಿಗಳ ಒಳಗಿನ ಅರ್ಥ ಬಿಡಿಸಿದಾಗ ನನ್ನ ತಲೆ ತಿರುಗಿತು. ಈ ಮಾನದಲ್ಲಿ ಮೂರು ಇಳಿದರೆ ಬಲ ಅರ್ಧವಾದಂತೆ, ಹತ್ತು ಇಳಿದರೆ ಹತ್ತನೇ ಒಂದು ಪಾಲಾದಂತೆ. ಮೈನಸ್ 38ರಿಂದ ಮೈನಸ್ 84ಕ್ಕೆ ಇಳಿಯಿತು ಎಂದರೆ, ಬಾಗಿಲ ಬಳಿಯಿದ್ದ ಬಲದಲ್ಲಿ ಸುಮಾರು ನಲವತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಒಲೆಯ ತನಕ ಬಂದಿದೆ. ಮನೆಯಲ್ಲಿರುವ ರೂಟರ್ ಸಾಮಾನ್ಯವಾಗಿ ಹೊರಸೂಸುವುದೇ ಒಂದು ವಾಟಿನ ಹತ್ತನೇ ಒಂದು ಭಾಗದಷ್ಟು. ಅದರಲ್ಲಿ ದೊಡ್ಡವ್ವನ ಫೋನಿಗೆ ತಲುಪುತ್ತಿದ್ದುದು ಒಂದು ವಾಟನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ನಾಲ್ಕು ಪಾಲು! ಅಷ್ಟರಲ್ಲೇ ವಾಟ್ಸ್‌ಆ್ಯಪ್‌ನ ಗುಡ್ ಮಾರ್ನಿಂಗ್ ಹೂವು ತೆವಳಿಕೊಂಡಾದರೂ ಬಂದು ಸೇರುತ್ತಿತ್ತಲ್ಲ, ಅಚ್ಚರಿ ಪಡಬೇಕಾದದ್ದು ಅದಕ್ಕೆ. ನೆಟ್ ಸ್ಲೋ ಎಂದು ನಾವು ಬೈಯುತ್ತೇವೆ. ಅಷ್ಟು ನವೆದ ಅಲೆಯಿಂದ ಒಂದು ಹೂವನ್ನು ಹೆಕ್ಕಿ ತೆಗೆಯುವ ಆ ಪುಟ್ಟ ಯಂತ್ರಕ್ಕೆ ಒಂದು ನಮಸ್ಕಾರ ಹಾಕುವವರು ಯಾರೂ ಇಲ್ಲ.

ವಿಡಿಯೊ ಕಾಲ್ ಮುಗ್ಗರಿಸದೆ ನಡೆಯಬೇಕಾದರೆ ಮೈನಸ್ 67ರ ಆಸುಪಾಸಿನಲ್ಲಾದರೂ ಇರಬೇಕು ಎನ್ನುತ್ತಾರೆ ಬಲ್ಲವರು. ನಮಗೆ ಬೇಕಿದ್ದುದು ಹದಿನೇಳು ಮೆಟ್ಟಿಲು. ಪ್ಲಾನ್ ದೊಡ್ಡದು ಮಾಡಿಸಿದರೆ ಈ ಮೆಟ್ಟಿಲು ಹತ್ತಲಾಗುವುದಿಲ್ಲ. 100 ಎಂಬಿಪಿಎಸ್ ಅನ್ನು 300 ಮಾಡಿಸಿದರೂ ಅದು ಬಾಗಿಲ ತನಕ ಬರುವ ವೇಗ. ಬಾಗಿಲಿಂದ ಒಲೆಯ ತನಕದ ದಾರಿಗೂ ಅದಕ್ಕೂ ಸಂಬಂಧವಿಲ್ಲ. ಕಸ್ಟಮರ್ ಕೇರಿನವರು ಇದನ್ನು ತಾವಾಗಿ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯ ರಾಜಗೋಪುರ ಸುಮಾರು 120 ಅಡಿ ಎತ್ತರ. ಬಯಲಿನಲ್ಲಿ ಅಡ್ಡಿ ಇಲ್ಲದಿದ್ದರೆ ಅಷ್ಟು ದೂರವನ್ನು ವೈಫೈ ಅಲೆ ಸಲೀಸಾಗಿ ದಾಟುತ್ತದೆ, ಆಮೇಲೂ ವಿಡಿಯೊ ನೋಡುವಷ್ಟು ಕಸುವು ಉಳಿಸಿಕೊಂಡಿರುತ್ತದೆ. ಅದೇ ಅಲೆ ಮನೆಯೊಳಗೆ ಎರಡು ಗೋಡೆ ದಾಟಿ ಸುಸ್ತಾಗಿ ಕೂರುತ್ತದೆ. ಅಂದರೆ ದೂರ ಇಲ್ಲಿ ದೊಡ್ಡ ಶತ್ರುವೇ ಅಲ್ಲ! ಗೋಡೆಯಲ್ಲಿ ಅಡಗಿರುವುದೇನು?

ನೀರು. ಸೆಕೆಂಡಿಗೆ 240 ಕೋಟಿ ಸಲ ಕಂಪಿಸುವ ಅಲೆ ಈ ವೈಫೈ. ಒಂದು ಅಲೆಯ ಉದ್ದ 12.5 ಸೆಂಟಿಮೀಟರ್. ಒದ್ದೆ ವಸ್ತುವಿನೊಳಗೆ ಹೊಕ್ಕರೆ ನೀರಿನ ಅಣುಗಳನ್ನು ಅತ್ತಿತ್ತ ತಿರುಗಿಸುತ್ತಾ ತನ್ನ ಶಕ್ತಿಯನ್ನು ಅಲ್ಲೇ ಕಳೆದುಕೊಳ್ಳುತ್ತದೆ. ಮೈಕ್ರೋವೇವ್ ಒಲೆಯಲ್ಲಿ ಅನ್ನ ಬಿಸಿಯಾಗುವುದೂ ಹೆಚ್ಚುಕಡಿಮೆ ಇದೇ ಅಲೆಯಿಂದ, ಬಲ ಮಾತ್ರ ಸಾವಿರಾರು ಪಾಲು ಹೆಚ್ಚು. ಒಣ ಗೋಡೆಗಿಂತ ಒದ್ದೆ ಗೋಡೆ ಹೆಚ್ಚು ನುಂಗುತ್ತದೆ. ಕಬಿನಿ ತುಂಬಿ ನೀರು ಬಿಟ್ಟು, ನಂಜನಗೂಡಿನ ಸ್ನಾನಘಟ್ಟ ಮುಳುಗುವ ಆಷಾಢ ಶ್ರಾವಣದಲ್ಲಿ ಮಣ್ಣಿನ ಗೋಡೆಗಳೂ ತೇವ ಹೀರುತ್ತವೆ. “ಮಳೇಲಿ ನೆಟ್ಟು ಬರಲ್ಲ” ಎಂಬ ಹಳ್ಳಿಯ ದೂರಿಗೆ ನಾವು ಕಂಬವನ್ನು, ವೈರನ್ನು ಬೈಯುತ್ತೇವೆ. ಒಂದು ಪಾಲಿನ ತಪ್ಪು ಮನೆಯ ಗೋಡೆಯದೂ ಇದ್ದೀತು.

ಗೋಡೆ ದಾಟುವ ಈ ವಿದ್ಯೆಗೆ ನಮ್ಮ ನೆಲದಲ್ಲೇ ಎಂಥ ಹಳೆಯ ಬೇರಿದೆ ನೋಡಿ! 1895ರಲ್ಲಿ ಕೋಲ್ಕತ್ತದ ಟೌನ್‌ಹಾಲಿನಲ್ಲಿ ಜಗದೀಶಚಂದ್ರ ಬೋಸರು ತಂತಿಯಿಲ್ಲದೆ ಅಲೆ ಹರಿಸಿದರು. ಆ ಅಲೆ ಬಂಗಾಳದ ಲೆಫ್ಟಿನೆಂಟ್ ಗವರ್ನರರ ಮೈಯನ್ನೂ ಗೋಡೆಗಳನ್ನೂ ದಾಟಿ ಹೋಗಿ, ದೂರದ ಕೋಣೆಯಲ್ಲಿ ಗಂಟೆ ಬಾರಿಸಿ ಮದ್ದುಪುಡಿ ಸಿಡಿಸಿತು. ಅವರು ಬಳಸಿದ್ದು ವೈಫೈ ಅಲೆಗಿಂತಲೂ ಗಿಡ್ಡ ಅಲೆ, ಮಿಲಿಮೀಟರುಗಳ ಲೆಕ್ಕದ್ದು. ಇನ್ನು ಮನೆಯಿಂದಲೇ ಅಲೆ ಬಿತ್ತಿದ ಕತೆ ಬೇಕೆಂದರೆ ಮೈಸೂರಿಗೇ ಬನ್ನಿ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆ ವಿಠಲ ವಿಹಾರದಿಂದ ರೇಡಿಯೊ ಪ್ರಸಾರ ಶುರು ಮಾಡಿದರು. ಕೈಯಲ್ಲಿದ್ದುದು 30 ವಾಟಿನ ಪ್ರೇಷಕ. ಅದೇ ಆಕಾಶವಾಣಿ! ಇವತ್ತು ದೊಡ್ಡವ್ವನ ಮನೆಯಲ್ಲಿರುವ ಡಬ್ಬದ ಬಲ ಅದರ ಮುನ್ನೂರನೇ ಒಂದು ಪಾಲು. ಅದರದೂ ಪ್ರಸಾರ ಕೇಂದ್ರದ ಕೆಲಸವೇ. ಕೇಳುಗರು ಮಾತ್ರ ಮನೆಯವರಷ್ಟೇ.

ಮತ್ತೆ ತೊಟ್ಟಿಗೆ ಬರೋಣ, ಏಕೆಂದರೆ ಗುಟ್ಟಿದ್ದದ್ದು ಅಲ್ಲೇ.

ಅಡುಗೆಮನೆಯಿಂದ ಫೋನು ಹಿಡಿದು ತೊಟ್ಟಿಯ ಅಂಚಿಗೆ ಬಂದು ನಿಂತಾಗ ಅಂಕಿ ಹಾರಿತು. ಅರೆ! ಬಾಗಿಲಿಂದ ಅಡುಗೆಮನೆಗೆ ನೇರ ಗೆರೆ ಎಳೆದರೆ ಎರಡು ದಪ್ಪ ಗೋಡೆ ಅಡ್ಡ ಬರುತ್ತವೆ. ತೊಟ್ಟಿಯ ಕಡೆಯಿಂದ ಬಂದರೆ ಒಂದೂ ಇಲ್ಲ! ಗಾಳಿ ಬೆಳಕು ಬರಲೆಂದು, ಮಳೆನೀರು ಇಳಿಯಲೆಂದು ಹಿರಿಯರು ಬಿಟ್ಟ ಆ ತೆರಪಿನ ಸುತ್ತ ಮನೆಯ ಕೋಣೆಗಳೆಲ್ಲ ಬಾಗಿಲು ತೆರೆದು ನಿಂತಿವೆ. ಅಲೆಗೂ ಅದೇ ರಾಜಬೀದಿ. ವೈಫೈಗೆಂದೇ ಮನೆ ಕಟ್ಟಿ ಎಂದು ಯಾವ ಇಂಜಿನಿಯರಿಗೆ ಹೇಳಿದ್ದರೂ ಇದಕ್ಕಿಂತ ಚೆನ್ನಾಗಿ ಕಟ್ಟುತ್ತಿರಲಿಲ್ಲವೇನೋ!

ಹುಮ್ಮಸ್ಸು ಬಂದ ಮೇಲೆ ಕೂರುವುದುಂಟೇ? ನಂಜನಗೂಡಿಗೆ ಹೋಗಿ ಎರಡೂ ತುದಿಗೆ ಕ್ಲಿಪ್ ಹಾಕಿದ ಉದ್ದನೆಯ ಲ್ಯಾನ್ ಕೇಬಲ್ಲು, ಜೊತೆಗೊಂದು ರೂಟರ್ ತಂದದ್ದಾಯಿತು. ಕೇಬಲ್ ಹುಡುಗ ಹಾಕಿದ ಫೈಬರ್ ಡಬ್ಬವನ್ನು ಅದರ ಮೊಳೆಗೇ ಬಿಟ್ಟೆವು. ಫೈಬರನ್ನು ಮೊಣಕೈ ಮಡಿಚಿದಂತೆ ಮಡಿಚಿದರೆ ಒಳಗಿನ ಬೆಳಕು ಸೋರಿಹೋಗುತ್ತದೆ, ಅದನ್ನು ಕೆಣಕದಿರುವುದೇ ಕ್ಷೇಮ. ಲ್ಯಾನ್ ಕೇಬಲ್ಲಿಗೆ ಆ ನಾಜೂಕಿಲ್ಲ, ನೂರು ಮೀಟರ್ ತನಕ ಧಾರಾಳವಾಗಿ ಎಳೆಯಬಹುದು. ಸೂರಿನ ಅಡಿಯಲ್ಲೇ ಸಾಗಿಸಿ, ತೊಟ್ಟಿಯ ಮರದ ಕಂಬವೊಂದರ ತಲೆಗೆ, ಇರಚಲು ತಾಗದ ಕಡೆಯಲ್ಲಿ ರೂಟರ್ ಕಟ್ಟಿದೆವು. ಹಳೆಯ ಡಬ್ಬದ ವೈಫೈ ಆರಿಸಿದೆವು. ಗುಡುಗು ಸಿಡಿಲಿನ ಹೊತ್ತಿನಲ್ಲಿ ಪ್ಲಗ್ಗಿನ ಜೊತೆ ಈ ತಾಮ್ರದ ಕೇಬಲ್ಲನ್ನೂ ಕಿತ್ತಿಡಿ. ಗಾಜಿನ ಫೈಬರಿಗೆ ವಿದ್ಯುತ್ ಹರಿಯುವ ಭಯವಿಲ್ಲ, ತಾಮ್ರಕ್ಕೆ ಉಂಟು.

ಇಷ್ಟಾದರೂ ಒಂದು ಚಮತ್ಕಾರ ಬಾಕಿಯಿತ್ತು. ರೂಟರಿನ ಆ್ಯಂಟೆನಾ ಕಡ್ಡಿಗಳನ್ನು ಅಡುಗೆಮನೆಯ ಕಡೆಗೆ ಗುರಿಯಿಟ್ಟು ಬಾಗಿಸಿದ್ದರು ಮನೆಯ ಹುಡುಗರು. ಎಲ್ಲರೂ ಮಾಡುವುದು ಹಾಗೆಯೇ. ಕಡ್ಡಿಯ ತುದಿಯಿಂದ ಅಲೆ ಚಿಮ್ಮುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಚಿಮ್ಮುವುದಿಲ್ಲ! ಒಂದು ಉದ್ದಿನವಡೆಯನ್ನು ನೆನೆಸಿಕೊಳ್ಳಿ. ತೂತಿನೊಳಗೆ ಕಡ್ಡಿ ನೆಟ್ಟಗೆ ನಿಂತಿದೆ, ಸುತ್ತ ಉಬ್ಬಿದ ವಡೆ ಇದೆಯಲ್ಲ, ಅಲೆ ಹರಡುವುದು ಆ ಆಕಾರದಲ್ಲಿ. ಮಗ್ಗುಲಿಗೆ ಹೇರಳ, ತುದಿಯ ನೇರಕ್ಕೆ ಬಹುಪಾಲು ಸೊನ್ನೆ. ಕಡ್ಡಿಯನ್ನು ಅಡುಗೆಮನೆಗೆ ಗುರಿಯಿಟ್ಟವರು ಅಡುಗೆಮನೆಗೆ ವಡೆಯ ತೂತನ್ನೇ ಬಡಿಸಿದಂತಾಯಿತು. ಎರಡು ಕಡ್ಡಿ ನೆಟ್ಟಗೆ ನಿಲ್ಲಿಸಿದೆವು. ಅಟ್ಟದ ಮೇಲೆ ಓದಿಕೊಳ್ಳುವ ಹುಡುಗನಿಗಾಗಿ ಮೂರನೆಯದನ್ನು ಅಡ್ಡ ಮಲಗಿಸಿದೆವು.

ಒಲೆಯ ಮುಂದೆ ಫೋನು ಹಿಡಿದೆ. ಮೈನಸ್ 58! ಬೆಳಗ್ಗೆ ಇದ್ದುದರ ಸುಮಾರು ನಾನೂರು ಪಟ್ಟು. ಗೋಡೆ ಒಡೆಯಲಿಲ್ಲ, ಪ್ಲಾನ್ ಬದಲಿಸಲಿಲ್ಲ. ವೈಫೈ ಜಾಗ ಬದಲಿಸಿತು, ಕಡ್ಡಿ ನೆಟ್ಟಗಾಯಿತು. ಬೆಂಗಳೂರಿನಲ್ಲಿರುವ ಮಗಳ ಮುಖ ಒಂದು ಸಲವೂ ಕಲ್ಲಾಗದೆ ಒಂದಿಡೀ ಸಾರು ಕುದಿಯುವಷ್ಟು ಹೊತ್ತು ಮಾತಾಡಿತು. “ಇವ್ಳೇನು ಇಷ್ಟೊಂದು ಇಳ್ದೋಗವ್ಳೆ” ಎಂದು ದೊಡ್ಡವ್ವ ಕಳವಳಗೊಂಡಳು. ಚಿತ್ರ ಸ್ಪಷ್ಟವಾದರೆ ಬರುವ ತಾಪತ್ರಯ ಇದು.

ಆ ರಾತ್ರಿ ನಿದ್ದೆ ಬರದೆ ಓದುತ್ತಾ ಹೋದಾಗ ಸಿಕ್ಕ ಸಂಗತಿಗಳು ಇನ್ನೂ ರೋಮಾಂಚಕ! ಮನೆಯೊಳಗೆ ಅಲೆ ಒಂದೇ ದಾರಿಯಲ್ಲಿ ಬರುವುದಿಲ್ಲ. ಕಂಬಕ್ಕೆ, ಬೀರುವಿಗೆ, ಬಚ್ಚಲಿನ ತಾಮ್ರದ ಹಂಡೆಗೆ, ಕನ್ನಡಿಯ ಹಿಂದಿನ ಲೋಹದ ಲೇಪಕ್ಕೆ ಬಡಿದು ನೂರು ಪ್ರತಿಧ್ವನಿಗಳಾಗಿ, ಒಂದರ ಹಿಂದೊಂದು ಫೋನಿಗೆ ಬೀಳುತ್ತದೆ. ಕೆಲವು ಕಡೆ ಎರಡು ಪ್ರತಿಧ್ವನಿಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಅಲ್ಲಿ ಫೋನನ್ನು ಎರಡು ಮೂರು ಬೆರಳಗಲ ಸರಿಸಿದರೆ ಸಿಗ್ನಲ್ ಮತ್ತೆ ಜೀವ ತಳೆಯುತ್ತದೆ. (ಈಗಲೇ ಮಾಡಿ ನೋಡಿ!) ಈ ಪ್ರತಿಧ್ವನಿಗಳ ಗೊಂದಲವೇ ತಂತಿಯಿಲ್ಲದ ವೇಗದ ಜಾಲಕ್ಕೆ ದೊಡ್ಡ ತೊಡಕಾಗಿತ್ತು. ಅದಕ್ಕೆ ಉತ್ತರ ಕಂಡುಕೊಂಡವರ ಸಾಲಿನಲ್ಲಿ ಮುಂದೆ ನಿಲ್ಲುವುದು ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ಸಂಸ್ಥೆಯ ಜಾನ್ ಓ’ಸಲಿವನ್ ಮತ್ತು ಸಂಗಡಿಗರು. ಈ ಓ’ಸಲಿವನ್ 1970ರ ದಶಕದಲ್ಲಿ ಹುಡುಕುತ್ತಿದ್ದುದೇನು ಗೊತ್ತೇ? ಸ್ಟೀಫನ್ ಹಾಕಿಂಗ್ ಹೇಳಿದ್ದ, ಆವಿಯಾಗಿ ಸಿಡಿಯುವ ಪುಟಾಣಿ ಕಪ್ಪುಕುಳಿಗಳ ರೇಡಿಯೊ ಸದ್ದು! ಕಪ್ಪುಕುಳಿ ಸಿಗಲಿಲ್ಲ. ಕಲಸಿಹೋದ ಅಲೆಗಳನ್ನು ಬಿಡಿಸುವ ಗಣಿತದ ಅನುಭವ ಉಳಿಯಿತು. ಅವರ ತಂಡಕ್ಕೆ 1996ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಸಂದೇಶವನ್ನು ಒಂದೇ ಉಸಿರಿಗೆ ಕೂಗುವ ಬದಲು ಹತ್ತಾರು ಸಣ್ಣ ಸ್ವರಗಳಲ್ಲಿ ಹಂಚಿ ನಿಧಾನವಾಗಿ ಕಳಿಸುವುದು ಆ ಉಪಾಯದ ಜೀವಾಳ. 1999ರಲ್ಲಿ ಬಂದ ವೈಫೈ ಮಾನಕದಲ್ಲಿ ಅಂಥ 52 ಸ್ವರಗಳು. ಪ್ರತಿ ತುಣುಕಿನ ನಡುವೆ 0.8 ಮೈಕ್ರೋಸೆಕೆಂಡಿನ ಬಿಡುವು. ಯಾಕೆ ಬಿಡುವು? ಮನೆಯ ಪ್ರತಿಧ್ವನಿಗಳು ಅಡಗಲಿ ಎಂದು! ಅಷ್ಟರಲ್ಲಿ ಅಲೆ 240 ಮೀಟರ್ ಓಡಿ ಮುಗಿಸುತ್ತದೆ. ಹಂಡೆಗೆ ಬಡಿದು ಬಂದದ್ದೂ, ಬೀರುವಿಗೆ ಬಡಿದು ಬಂದದ್ದೂ ಬಂದು ಸೇರುವವರೆಗೆ ಡಬ್ಬ ಕಾಯುತ್ತದೆ, ಆಮೇಲೆ ಮುಂದಿನ ತುಣುಕು ಕಳಿಸುತ್ತದೆ. ಸೆಕೆಂಡಿಗೆ ಎರಡೂವರೆ ಲಕ್ಷ ಸಲ!

ಇದಕ್ಕೂ ಮೇಲಿನ ಮಾತೊಂದಿದೆ. ಪ್ರತಿಧ್ವನಿಯನ್ನು ಸಹಿಸಿಕೊಳ್ಳುವುದಿರಲಿ, ಅದನ್ನೇ ದುಡಿಸಿಕೊಳ್ಳಬಹುದು ಎಂದವರು ಆರೋಗ್ಯಸ್ವಾಮಿ ಪಾಲ್‌ರಾಜ್. ಭಾರತೀಯ ನೌಕಾಪಡೆಯಲ್ಲಿದ್ದವರು, ಬೆಂಗಳೂರಿನ ಕೃತಕ ಬುದ್ಧಿಮತ್ತೆ ಮತ್ತು ರೋಬೊಟಿಕ್ಸ್ ಕೇಂದ್ರದ ಸ್ಥಾಪಕ ನಿರ್ದೇಶಕರು. ಅಮೆರಿಕದ ಸ್ಟ್ಯಾನ್‌ಫರ್ಡಿಗೆ ಹೋಗಿ, ಒಂದೇ ತರಂಗಾಂತರದಲ್ಲಿ ಹಲವು ಆ್ಯಂಟೆನಾಗಳಿಂದ ಬೇರೆ ಬೇರೆ ಸಂದೇಶ ಕಳಿಸಿ, ಅವು ಬೇರೆ ಬೇರೆ ದಾರಿ ಹಿಡಿದು ಬರುವುದನ್ನೇ ಗುರುತಾಗಿಟ್ಟುಕೊಂಡು ಬಿಡಿಸಬಹುದು ಎಂದು ತೋರಿಸಿದರು. 1994ರಲ್ಲಿ ಪೇಟೆಂಟ್, 2014ರಲ್ಲಿ ಮಾರ್ಕೋನಿ ಪ್ರಶಸ್ತಿ. ರೂಟರಿಗೆ ಹಲವು ಕಡ್ಡಿ ಇರುವುದು ಇದಕ್ಕೆ. ದೊಡ್ಡವ್ವನ ಹಂಡೆಯೂ ಬೀರುವೂ ಒಂದು ಲೆಕ್ಕದಲ್ಲಿ ಜಾಲದ ನೌಕರಿಯಲ್ಲಿವೆ!

ನಂಜನಗೂಡು ದಾಟಿದ ಕಬಿನಿ, ಅಂದರೆ ಕಪಿಲೆ, ಟಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಹುಚ್ಚು ಹಿಡಿದ ನಾನೂ ಅಲ್ಲಿಗೇ ಹೋದೆ, ಚಿಕ್ಕಪ್ಪನ ಮನೆಗೆ. ಮೈಸೂರು ಸಿಲ್ಕ್ ಸೀರೆಗೆ ನೂಲು ತೆಗೆಯುವ ಕೆಎಸ್‌ಐಸಿ ಕಾರ್ಖಾನೆ ಇರುವ ಊರು ಅದು. ಸಣ್ಣ ಎಳೆಯ ಬೆಲೆ ಬಲ್ಲ ಜನ. ಅವರ ಮನೆಗೆ ಬರುವ ಗಾಜಿನ ಎಳೆಯಲ್ಲಿ ಬೆಳಕು ಓಡುವ ತಿರುಳು 9 ಮೈಕ್ರಾನ್ ಮಾತ್ರ. ಆ ಒಂದೇ ಎಳೆಯಲ್ಲಿ ಬರುವ ಬೆಳಕು ಒಂದು ಬಣ್ಣದ್ದು, ಹೋಗುವುದು ಇನ್ನೊಂದು ಬಣ್ಣದ್ದು, ಎರಡೂ ಕಣ್ಣಿಗೆ ಕಾಣದಂಥವು.

ಮನೆ ಮಾತ್ರ ತೊಟ್ಟಿಯಿಲ್ಲದ ಹೊಸ ಕಾಲದ್ದು. ಎರಡು ಅಂತಸ್ತು, ನಡುವೆ ಕಬ್ಬಿಣದ ಸರಳಿನ ಜಾಲ ಹಾಸಿದ ಆರ್‌ಸಿಸಿ ತಾರಸಿ. ಡಬ್ಬ ಕೆಳಗೆ, ಟಿವಿಯ ಹಿಂದೆ, ಸ್ಟೀಲ್ ಬೀರುವಿನ ಮಗ್ಗುಲಲ್ಲಿ. ಮೇಲಿನ ರೂಮಿನಲ್ಲಿ ಸೊಸೆಗೆ ವರ್ಕ್ ಫ್ರಮ್ ಹೋಮ್. ಅಲ್ಲಿ ಆಗಲೇ ಒಂದು ರಿಪೀಟರ್ ಇತ್ತು, ಸಿಗ್ನಲ್ ಸಿಗದ ಮೂಲೆಯ ಪ್ಲಗ್ಗಿಗೇ ಚುಚ್ಚಿದ್ದರು. ತನಗೇ ಕೇಳಿಸದ್ದನ್ನು ಅದು ಇನ್ನೊಬ್ಬರಿಗೆ ಹೇಳುವುದು ಹೇಗೆ! ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ನಡುದಾರಿಯಲ್ಲಿ, ಮೆಟ್ಟಿಲ ತಿರುವಿನಲ್ಲಿ ಅದನ್ನು ಇಡಬೇಕು. ಆಗಲೂ ಅಗ್ಗದ ರಿಪೀಟರು ಒಂದೇ ರೇಡಿಯೊದಲ್ಲಿ ಕೇಳಿ, ಅದರಲ್ಲೇ ತಿರುಗಿ ಹೇಳುವುದರಿಂದ ವೇಗ ಅರ್ಧಕ್ಕೆ ಬೀಳುತ್ತದೆ. ಮೆಶ್ ಸೆಟ್ ತಂದರೆ ಚೆನ್ನ, ಜೇಬು ಸುಡುತ್ತದೆ. ನನ್ನ ಓಟು ಕೇಬಲ್ಲಿಗೆ. ಮೆಟ್ಟಿಲ ಅಂಚಿನಲ್ಲೇ ಒಂದು ಲ್ಯಾನ್ ಕೇಬಲ್ ಹತ್ತಿಸಿ, ಮೂಲೆಗೆ ಬಿದ್ದಿದ್ದ ಹಳೆಯ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಆಗಿ ಬದಲಿಸಿ, ಅದೇ ಹೆಸರು, ಅದೇ ಪಾಸ್‌ವರ್ಡ್, ಬೇರೆ ಚಾನೆಲ್ ಕೊಟ್ಟೆವು. ಕೆಲಸ ಮುಗಿಯಿತು.

ಚಾನೆಲ್ ಎಂದೆನಲ್ಲ. ಆ ಬೀದಿಯ ಅಲೆಗಳನ್ನು ಆ್ಯಪ್‌ನಲ್ಲಿ ನೋಡಿ ದಂಗಾದೆ. ಅಕ್ಕಪಕ್ಕದ ಡಬ್ಬಗಳೆಲ್ಲ 2.4 ಗಿಗಾಹರ್ಟ್ಸ್‌ನ ಒಂದೇ ಚಾನೆಲ್ಲಿನಲ್ಲಿ ಕಿಕ್ಕಿರಿದಿದ್ದವು. ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6, 11 ಮೂರೇ. 2005ರಲ್ಲಿ ಸರ್ಕಾರ ಈ 2.4 ಗಿಗಾಹರ್ಟ್ಸ್ ಪಟ್ಟಿಗೆ ಲೈಸೆನ್ಸು ಬೇಡ ಎಂದಿತು, 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯನ್ನೂ ಅಗಲವಾಗಿ ತೆರೆಯಿತು. ಅಪ್ಪಣೆ ಕೇಳದ ಈ ಬಯಲಿನಲ್ಲಿ ಜಗಳವಾಗದಿರುವುದು ಹೇಗೆ? ಪ್ರತಿ ಡಬ್ಬವೂ ಮಾತಾಡುವ ಮೊದಲು ಕಿವಿಗೊಡುತ್ತದೆ. ಯಾರಾದರೂ ಮಾತಾಡುತ್ತಿದ್ದರೆ ಸುಮ್ಮನಿರುತ್ತದೆ. ಅವರು ಮುಗಿಸಿದ ಮೇಲೂ ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ಕೆಲವು ಕ್ಷಣಾಂಶ ಕಾದು ಬಾಯಿ ತೆರೆಯುತ್ತದೆ. ನಮ್ಮ ಟಿವಿ ಚರ್ಚೆಗಳಿಗೆ ಹೋಗುವವರು ಇದರ ಹತ್ತಿರ ಟ್ಯೂಷನ್ ತಗೊಳ್ಳಬಹುದು. ಒಂದು ಕೋಣೆಯಲ್ಲೇ ಕೆಲಸವಿದ್ದರೆ 5 ಗಿಗಾಹರ್ಟ್ಸ್ ಹಿಡಿಯಿರಿ, ಅಲ್ಲಿ ಜಾಗ ವಿಶಾಲ. ಗೋಡೆ ದಾಟಬೇಕಾದರೆ 2.4 ವಾಸಿ.

ಬೆರಗಿನ ತುತ್ತತುದಿ ಈಗ ಬರುತ್ತಿದೆ. 2013ರಲ್ಲಿ ಅಮೆರಿಕದ ಎಂಐಟಿಯ ದೀನಾ ಕತಾಬಿ ಮತ್ತು ಫಾದಿಲ್ ಅದೀಬ್ ವೈಫೈ ಅಲೆಯಿಂದಲೇ ಗೋಡೆಯಾಚೆ ಓಡಾಡುವ ಮನುಷ್ಯರನ್ನು ಗುರುತಿಸಿ ತೋರಿಸಿದರು! ನಮ್ಮ ಮೈಯಲ್ಲಿ ನೀರು ತುಂಬಿದೆಯಲ್ಲ, ನಾವು ನಡೆದರೆ ಪ್ರತಿಧ್ವನಿಗಳ ಲೆಕ್ಕ ಕದಲುತ್ತದೆ. ಮುಂದೆ ಅದೇ ಬಳಗ ರೇಡಿಯೊ ಅಲೆಯಿಂದ ಉಸಿರಾಟದ ಏರಿಳಿತವನ್ನೂ ಅಳೆಯಿತು. ಎದೆ ಒಂದಿಷ್ಟು ಉಬ್ಬಿ ಇಳಿದರೂ ಅಲೆಗೆ ತಿಳಿಯುತ್ತದೆ. ಮನೆಯ ಮೂಲೆಯ ಡಬ್ಬ ಹೀಗೆ ಮನೆಯವರ ಚಲನೆ ಗಮನಿಸುವಂತೆ ಮಾಡುವ ಮಾನಕವೂ ಸಿದ್ಧವಾಗಿದೆ. ನನಗಿದು ಖುಷಿಯ ಜೊತೆ ಸ್ವಲ್ಪ ಅಳುಕನ್ನೂ ತಂದಿತು, ಸುಳ್ಳೇಕೆ.

ದೊಡ್ಡವ್ವನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಅಳುಕು ಗಿಳುಕು ಏನೂ ಇಲ್ಲ, ಅವಳ ತಲೆ ನೇರ ಹಿತ್ತಿಲಿಗೆ ಓಡಿತು. “ಹಂಗಾರೆ ಕೊಟ್ಟಿಗ್ಗೊಂದು ಹಾಕು ಕೂಸೇ. ಗಬ್ಬದ ಹಸ ರಾತ್ರೆ ಎದ್ದು ಒಂದೇ ಸಮ್ನೆ ಓಡಾಡುದ್ರೆ ನಂಗೆ ತಿಳೀಲಿ. ಕರ ಹಾಕೋ ಒತ್ನಲ್ಲಿ ಯಾರಾರ ಒಬ್ರು ಇರ್ಬೇಕಲ್ವಾ?”

ಕೊಟ್ಟಿಗೆಗೆ ಮಾತ್ರ ಸಿಗ್ನಲ್ ಇನ್ನೂ ಹೋಗಿಲ್ಲ. ನಡುವೆ ರಸಬಾಳೆಯ ಗಿಡಗಳು ಒತ್ತಾಗಿ ನಿಂತಿವೆ. ದಿಂಡಿನ ತುಂಬ ನೀರು, ಅಗಲದ ಎಲೆಯ ತುಂಬ ನೀರು. ಅಲೆಯನ್ನು ಅವು ಬಿಡುವುದಿಲ್ಲ, ಅವನ್ನು ಕಡಿಯಲು ದೊಡ್ಡವ್ವ ಬಿಡುವುದಿಲ್ಲ. ಬಾಳೆಯ ಬುಡದ ಪಕ್ಕದಲ್ಲೇ ಪೈಪು ಹೂತು ಒಂದು ಕೇಬಲ್ ಎಳೆಯಬೇಕು. ಹೆಗ್ಗಣ ಕಡಿಯದಂಥ ಪೈಪು ಯಾವುದು ಎಂದು ವಿಚಾರಿಸುತ್ತಿದ್ದೇನೆ.